ಹತ್ತು ತೆನೆಯ ಬೀಜ ಸಾಲದು

ಕುಮಟಾ ತಾಲೂಕಿನ ಓದುಗರೊಬ್ಬರು ಬರೆದಿದ್ದಾರೆ: ಅಘನಾಶಿನಿ ಅಳಿವೆಯ ಗಜನಿಯಲ್ಲಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಕಗ್ಗ ಎಂಬ, ಉಪ್ಪು ತಡೆಯುವ ನಾಟಿ ಭತ್ತ ಬೆಳೆಯುತ್ತೇನೆ. ಎಂಟು ವರ್ಷದಿಂದ ಪ್ರತಿ ಕೊಯ್ಲಿನಲ್ಲೂ ದಪ್ಪನೆಯ ಹತ್ತು ತೆನೆ ಆರಿಸಿ, ಬೇರೆ ಮಡಿಯಲ್ಲಿ ಬೆಳೆಸಿ ಬೀಜ ಮಾಡುತ್ತಿದ್ದೇನೆ. ಇಳುವರಿ ಏರಲಿಲ್ಲ. ಮೊನ್ನೆ ಉಪ್ಪುನೀರು ನುಗ್ಗಿದಾಗ, ಹಿಂದಿನಂತೆ ಅಲ್ಲಲ್ಲಿ ಉಳಿಯದೆ ಇಡೀ ಗದ್ದೆ ಒಟ್ಟಿಗೇ ಒಣಗಿತು. ಉಪ್ಪಿನಲ್ಲೇ ಬೆಳೆದ ಭತ್ತಕ್ಕೆ ಉಪ್ಪು ರೂಢಿಯಾಗಬೇಕಲ್ಲವೇ?

ಉತ್ತರ: ಒಂದು ಗಿಡಕ್ಕೆ ಆದ ರೂಢಿ ಅದರ ಬೀಜಕ್ಕೆ ಹಾಗೆ ಇಳಿದು ಬರುವುದಿಲ್ಲ. ಗದ್ದೆಯಲ್ಲಿ ಉಪ್ಪು ತಡೆಯುವ ಗಿಡವೂ ತಡೆಯದ ಗಿಡವೂ ಬೆರೆತಿರಬೇಕು, ಆ ವ್ಯತ್ಯಾಸ ಜೀನ್‌ನಲ್ಲಿರಬೇಕು, ತಡೆದದ್ದು ಹೆಚ್ಚು ಕಾಳು ಬಿಡಬೇಕು. ಆಗ ಮುಂದಿನ ವರ್ಷ ಗದ್ದೆಯಲ್ಲಿ ಅಂಥವುಗಳ ಪಾಲು ಹೆಚ್ಚುತ್ತದೆ. ನೈಸರ್ಗಿಕ ಆಯ್ಕೆ ಎಂದರೆ ಇಷ್ಟೇ. ಬದಲಾಗುವುದು ಗಿಡವಲ್ಲ, ಗದ್ದೆಯ ಬೆರಕೆ.

ನೀವು ಕಳೆದುಕೊಂಡಿರುವುದು ಬಹುಶಃ ಆ ಬೆರಕೆಯನ್ನೇ. ಭತ್ತದ ಹೂವನ್ನು ಹತ್ತಿರದಿಂದ ನೋಡಿ: ಹೊಟ್ಟಿನ ಎರಡು ಸಿಪ್ಪೆ ಬಿರಿದು ಆರು ಕೇಸರ ಹೊರಬರುವ ಹೊತ್ತಿಗೇ ತನ್ನದೇ ಪರಾಗ ತನ್ನ ಶಲಾಕಾಗ್ರಕ್ಕೆ (ಪರಾಗ ಹಿಡಿಯುವ ತುದಿಗೆ) ಬಿದ್ದಿರುತ್ತದೆ. ಪಕ್ಕದ ಗಿಡದ ಪರಾಗ ಕೂಡುವುದು ಸಾಮಾನ್ಯವಾಗಿ ನೂರಕ್ಕೆ ಒಂದಕ್ಕಿಂತ ಕಡಿಮೆ. ಹಾಗಾಗಿ ಒಂದು ತೆನೆಯೆಂದರೆ ಹೆಚ್ಚುಕಡಿಮೆ ಒಂದೇ ಶುದ್ಧ ಎಳೆ, ಅಂದರೆ ಎಲ್ಲ ಕಾಳಿನಲ್ಲೂ ಒಂದೇ ವಂಶಗುಣ. ಶುದ್ಧ ಎಳೆಯೊಳಗೆ ಆರಿಸಿ ಫಲವಿಲ್ಲ ಎಂಬುದನ್ನು ಡೆನ್ಮಾರ್ಕಿನ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಯೊಹಾನ್ಸೆನ್ 1903ರಲ್ಲಿ ಬೀನ್ಸ್ ಬೀಜದಲ್ಲಿ ತೋರಿಸಿದರು: ಒಂದೇ ಎಳೆಯ ದೊಡ್ಡ ಕಾಳು, ಸಣ್ಣ ಕಾಳು ಯಾವುದನ್ನು ಬಿತ್ತಿದರೂ ಮುಂದಿನ ಬೆಳೆಯ ಕಾಳಿನ ಸರಾಸರಿ ತೂಕ ಒಂದೇ. ನಿಮ್ಮ ದಪ್ಪ ತೆನೆಯೂ ಎತ್ತರದ ಜಾಗದ, ಗೊಬ್ಬರ ಹೆಚ್ಚು ಬಿದ್ದ ಮೂಲೆಯದಾಗಿದ್ದರೆ, ಆ ದಪ್ಪ ಮಣ್ಣಿನದು, ವಂಶದ್ದಲ್ಲ.

ಇನ್ನು ಲೆಕ್ಕ. ಉಪ್ಪು ತಡೆಯುವ ಎಳೆ ಗದ್ದೆಯಲ್ಲಿ ನೂರಕ್ಕೆ 5 ಇದೆಯೆನ್ನಿ. ಕಣ್ಣುಮುಚ್ಚಿ ಹತ್ತು ತೆನೆ ತೆಗೆದರೆ ಅದು ಒಂದೂ ಸಿಗದಿರುವ ಸಂಭವ 0.95ನ್ನು ಹತ್ತು ಸಲ ಗುಣಿಸಿದಷ್ಟು, ನೂರಕ್ಕೆ 60. ಅದೃಷ್ಟಕ್ಕೆ ಒಂದು ಸಿಕ್ಕಿತೆನ್ನಿ, ಮರುವರ್ಷ ಅದರ ಪಾಲು ನೂರಕ್ಕೆ ಸುಮಾರು 10 ಆದರೂ, ಮತ್ತೆ ಹತ್ತೇ ತೆನೆ ಆರಿಸಿದರೆ ತಪ್ಪುವ ಸಂಭವ ನೂರಕ್ಕೆ 35. ಹೀಗೆ ಗುಣದೋಷಕ್ಕೆ ಸಂಬಂಧವಿಲ್ಲದೆ, ಬರೀ ಕಡಿಮೆ ಸಂಖ್ಯೆಯಿಂದ ಎಳೆಗಳು ಕಳೆದುಹೋಗುವುದಕ್ಕೆ ಜೆನೆಟಿಕ್ ಡ್ರಿಫ್ಟ್ ಎನ್ನುತ್ತಾರೆ. ಮಳೆ ಚೆನ್ನಾಗಿ ಬಂದು ಉಪ್ಪು ತೊಳೆದುಹೋದ ವರ್ಷಗಳಲ್ಲಿ ಇದು ಕಣ್ಣಿಗೇ ಬೀಳುವುದಿಲ್ಲ. ಉಪ್ಪಿನ ಪರೀಕ್ಷೆಯೇ ನಡೆಯದಾಗ ತಡೆಯುವ ಎಳೆಗೆ ಯಾವ ಮೇಲುಗೈಯೂ ಇರುವುದಿಲ್ಲ. ಮೊನ್ನೆಯ ನೀರು ಅದನ್ನು ಬಯಲಿಗೆಳೆದಿರಬೇಕು.

ಹತ್ತರ ಬದಲು 60 ತೆನೆ ತೆಗೆದರೆ, ನೂರಕ್ಕೆ 5 ಇರುವ ಆ ಎಳೆ ತಪ್ಪುವ ಸಂಭವ ನೂರಕ್ಕೆ 60ರಿಂದ 5ಕ್ಕೆ ಇಳಿಯುತ್ತದೆ, 100 ತೆನೆಗೆ ಒಂದಕ್ಕೂ ಕಡಿಮೆ. ಗಿಡಕ್ಕೊಂದೇ ತೆನೆ ಕೊಯ್ಯಿರಿ. ತೂಬಿನ ಹತ್ತಿರ, ತಗ್ಗಿನಲ್ಲಿ, ಕಟ್ಟೆಯ ಬುಡದಲ್ಲಿ, ನಡುಗದ್ದೆಯಲ್ಲಿ ಎಲ್ಲ ಕಡೆಯಿಂದಲೂ ಬರಲಿ. ಪ್ರತಿ ತೆನೆಯಿಂದ ಸಮನಾಗಿ, 30 ಕಾಳಿನಂತೆ ಎಣಿಸಿ ಬೆರೆಸಿ. ಇಲ್ಲದಿದ್ದರೆ ದಪ್ಪ ತೆನೆಯದೇ ಮತ್ತೆ ಮೇಲಾಗುತ್ತದೆ. ಭತ್ತ ಉಪ್ಪಿಗೆ ಹೆಚ್ಚು ಅಳುಕುವುದು ಎಳೆ ಸಸಿಯಲ್ಲಿ ಮತ್ತು ಹೂ ಬಿಡುವಾಗ. ಸಸಿಯಲ್ಲಿ ತಡೆದದ್ದು ಹೂವಿನಲ್ಲಿ ತಡೆಯಲೇಬೇಕೆಂದಿಲ್ಲ. ಆದ್ದರಿಂದ ಉಪ್ಪು ಹತ್ತಿಯೂ ತುಂಬಿದ ತೆನೆ ಕಂಡರೆ, ಸಣ್ಣದಾದರೂ ಬಿಡಬೇಡಿ.

ಕಳೆದುಹೋದ ಎಳೆ ನಿಮ್ಮ ಗದ್ದೆಯಲ್ಲಿ ಆರಿಸಿ ವಾಪಸು ಬರುವುದಿಲ್ಲ. ಬೀಜ ಆರಿಸದೆ, ಒಕ್ಕಿದ ರಾಶಿಯಿಂದಲೇ ಕಗ್ಗ ಬಿತ್ತುವ ನೆರೆಯವರು ಇದ್ದರೆ ಅವರಲ್ಲಿ ಒಂದೆರಡು ಸೇರು ಕೇಳಿ ತಂದು, ಈ ಸಲದ ಮಡಿಗೇ ಬೆರೆಸಿ.