ನಕ್ಷತ್ರ ಬಿಡಿಸುವುದು: ಮೊದಲು ಚುಕ್ಕಿ, ಆಮೇಲೆ ಗೆರೆ

ಪ್ರಶ್ನೆ: ಕೈ ಎತ್ತದೆ ಐದು ಮೂಲೆಯ ನಕ್ಷತ್ರ ಬಿಡಿಸಿದಾಗಲೆಲ್ಲ ಅದು ಒಂದು ಕಡೆ ವಾಲುತ್ತದೆ, ಇಲ್ಲವೇ ಒಂದು ಕಾಲು ಉದ್ದವಾಗುತ್ತದೆ. ತಪ್ಪು ಎಲ್ಲಿ?

ಉತ್ತರ: ಹೆಚ್ಚಾಗಿ ಮೊದಲ ಗೆರೆಯಲ್ಲೇ. ಎಡಗಾಲಿನಿಂದ ತಲೆಗೆ ಏರುವ ಈ ಗೆರೆ ಅಡ್ಡಗೆರೆಗೆ 72 ಡಿಗ್ರಿ ಕೋನದಲ್ಲಿರಬೇಕು, ಅಂದರೆ ಸಾಕಷ್ಟು ಕಡಿದಾಗಿರಬೇಕು. ತ್ರಿಕೋನ ಬರೆದು ರೂಢಿಯಾದ ಕೈ ಅದನ್ನು 60 ಡಿಗ್ರಿಗೆ ಮಲಗಿಸಿಬಿಡುತ್ತದೆ. ಆಗ ಕಾಲುಗಳು ದೂರವಾಗಿ, ಉಳಿದ ಗೆರೆಗಳು ಆ ತಪ್ಪನ್ನು ಸರಿದೂಗಿಸಲು ಹೋಗಿ ಓರೆಯಾಗುತ್ತವೆ. ಇನ್ನೊಂದು ತಪ್ಪು ಅಡ್ಡಗೆರೆಯದು. ಅದನ್ನು ಎತ್ತರದ ನಟ್ಟನಡುವೆ ಎಳೆಯುವವರೇ ಬಹಳ. ಅದರ ಜಾಗ ತಲೆಯಿಂದ ಕೆಳಕ್ಕೆ ಎತ್ತರದ ಶೇಕಡಾ 38ರಷ್ಟರಲ್ಲಿ, ಮೂರನೇ ಒಂದಕ್ಕಿಂತ ಸ್ವಲ್ಪ ಕೆಳಗೆ.

ಇದನ್ನು ಕಣ್ಣಳತೆಗೆ ಬಿಡುವ ಬದಲು ಒಂದು ಚೌಕಟ್ಟು ಹಾಕಿಕೊಳ್ಳಿ. ಅಗಲ 10 ಸೆಂ.ಮೀ., ಎತ್ತರ 9.5 ಸೆಂ.ಮೀ. ಮೇಲಿನ ಗೆರೆಯ ಮಧ್ಯಕ್ಕೆ ಒಂದು ಚುಕ್ಕಿ. ಎರಡೂ ಪಕ್ಕದ ಗೆರೆಗಳಲ್ಲಿ ಮೇಲಿನಿಂದ 3.6 ಸೆಂ.ಮೀ. ಕೆಳಗೆ ಒಂದೊಂದು ಚುಕ್ಕಿ. ಕೆಳಗಿನ ಗೆರೆಯಲ್ಲಿ ಎರಡೂ ಮೂಲೆಗಳಿಂದ 1.9 ಸೆಂ.ಮೀ. ಒಳಗೆ ಒಂದೊಂದು. ಐದು ಚುಕ್ಕಿ ಸರಿ ಕೂತರೆ ನಕ್ಷತ್ರದ ಮುಕ್ಕಾಲು ಕೆಲಸ ಮುಗಿಯಿತು. ನಕ್ಷತ್ರದ ಅಗಲ ಎತ್ತರಕ್ಕಿಂತ ತುಸು ಹೆಚ್ಚು ಎನ್ನುವುದನ್ನು ಗಮನಿಸಿ. ಸರಿಯಾದ ಚದರದೊಳಗೆ ತುರುಕಿದ ನಕ್ಷತ್ರ ಸ್ವಲ್ಪ ಲಂಬಿಸಿದಂತೆ ಕಾಣುವುದು ಇದರಿಂದಲೇ.

ಇನ್ನು ಗೆರೆ: ಎಡಗಾಲಿನಿಂದ ತಲೆ, ತಲೆಯಿಂದ ಬಲಗಾಲು, ಅಲ್ಲಿಂದ ಎಡಗೈ, ಅಡ್ಡಲಾಗಿ ಬಲಗೈ, ಮರಳಿ ಎಡಗಾಲು. ಗೆರೆ ಎಳೆಯುವಾಗ ಪೆನ್ಸಿಲ್ಲಿನ ಮೊನೆಯನ್ನು ನೋಡಬೇಡಿ, ತಲುಪಬೇಕಾದ ಚುಕ್ಕಿಯನ್ನು ನೋಡಿ. ಉದ್ದ ಗೆರೆಗೆ ಮಣಿಕಟ್ಟನ್ನು ಊರಬಾರದು. ಊರಿದ ಮಣಿಕಟ್ಟಿನ ಸುತ್ತ ಕೈ ತಿರುಗುವುದರಿಂದ ಗೆರೆ ಬಿಲ್ಲಿನಂತೆ ಬಾಗುತ್ತದೆ. ಮೊಣಕೈಯಿಂದ ಇಡೀ ಮುಂಗೈ ಚಲಿಸಲಿ.

ಪ್ರಶ್ನೆ: ಕೋನಮಾಪಕ ಇಲ್ಲದೆ, ಕೈವಾರದಿಂದಲೇ ವೃತ್ತವನ್ನು ಐದು ಸಮಭಾಗ ಮಾಡಬಹುದೇ?

ಉತ್ತರ: ಧಾರಾಳವಾಗಿ. 5 ಸೆಂ.ಮೀ. ತ್ರಿಜ್ಯದ ವೃತ್ತ ಬರೆದ ಮೇಲೆ ಕೈವಾರವನ್ನು 5.9 ಸೆಂ.ಮೀ.ಗೆ ತೆರೆದು, ಪರಿಧಿಯ ಮೇಲೆ ಒಂದರ ನಂತರ ಒಂದು ಗುರುತು ಹಾಕುತ್ತ ಬನ್ನಿ. ಬೇರೆ ಅಳತೆಯ ವೃತ್ತವಾದರೆ ತ್ರಿಜ್ಯವನ್ನು 1.176ರಿಂದ ಗುಣಿಸಿ. ಐದನೇ ಹೆಜ್ಜೆ ಮೊದಲ ಗುರುತಿನ ಮೇಲೇ ಬೀಳಬೇಕು. ಬೀಳದಿದ್ದರೆ ಕೊನೆಯ ಚುಕ್ಕಿಯೊಂದನ್ನೇ ಸರಿಸಿ ಸಮಾಧಾನಪಟ್ಟುಕೊಳ್ಳಬೇಡಿ, ಇಡೀ ತಪ್ಪು ಒಂದೇ ಮೂಲೆಗೆ ಹೋಗಿ ಕೂರುತ್ತದೆ. ಐದನೇ ಹೆಜ್ಜೆ ಮೊದಲ ಗುರುತಿಗೆ 6 ಮಿ.ಮೀ. ಹಿಂದೆ ನಿಂತಿತೆಂದರೆ ಕೈವಾರವನ್ನು ಸುಮಾರು 1 ಮಿ.ಮೀ. ಹಿಗ್ಗಿಸಿ, ಮುಂದೆ ಹೋದರೆ ಅಷ್ಟೇ ಕುಗ್ಗಿಸಿ, ಮೊದಲಿನಿಂದ ಗುರುತು ಹಾಕಿ. ಕೈವಾರದ ತಿರುಪು ಸಡಿಲವಿದ್ದರೆ ಹೆಜ್ಜೆಯಿಂದ ಹೆಜ್ಜೆಗೆ ಅಳತೆ ಜಾರುತ್ತದೆ, ಮೊದಲೇ ಬಿಗಿ ಮಾಡಿಕೊಳ್ಳಿ.

ಪ್ರಶ್ನೆ: ಐದು ಮೂಲೆಯದು ಕೈ ಎತ್ತದೆ ಬರುತ್ತದೆ. ಆರು ಮೂಲೆಯದು ಏಕೆ ಬರುವುದಿಲ್ಲ? ಏಳು, ಎಂಟಕ್ಕೆ ಏನು ಮಾಡಬೇಕು?

ಉತ್ತರ: ಚುಕ್ಕಿಗಳಿಗೆ ವೃತ್ತದ ಸುತ್ತ ಸಂಖ್ಯೆ ಹಾಕಿ ನೋಡಿ, ಗುಟ್ಟು ತಿಳಿಯುತ್ತದೆ. ಐದರಲ್ಲಿ ಒಂದು ಚುಕ್ಕಿ ಬಿಟ್ಟು ಒಂದಕ್ಕೆ ಹೋದರೆ 1, 3, 5, 2, 4, ಮತ್ತೆ 1. ಎಲ್ಲವನ್ನೂ ಮುಟ್ಟಿದ್ದಾಯಿತು. ಆರರಲ್ಲಿ ಹೀಗೇ ಹೋದರೆ 1, 3, 5, ಅಲ್ಲಿಗೆ ಮತ್ತೆ 1. ತ್ರಿಕೋನ ಮುಚ್ಚಿಕೊಂಡಿತು, 2, 4, 6 ಹೊರಗುಳಿದವು. ಎರಡು ಬಿಟ್ಟು ಹೋದರೆ ಎದುರಿನ ಚುಕ್ಕಿಗೆ ಹೋಗಿ ವಾಪಸು ಬರುತ್ತೀರಿ, ಅಷ್ಟೇ. ಆದ್ದರಿಂದ ಆರು ಮೂಲೆಯದನ್ನು ಎರಡು ತ್ರಿಕೋನಗಳಾಗಿಯೇ ಬರೆಯುವುದು ಲೇಸು. ವೃತ್ತದ ತ್ರಿಜ್ಯವೇ ಕೈವಾರದ ಅಳತೆ, ಆರು ಹೆಜ್ಜೆಗೆ ಸುತ್ತು ಸರಿಯಾಗಿ ಮುಗಿಯುತ್ತದೆ. ಕೈ ಎತ್ತಬಾರದೆಂಬ ಹಟವಿದ್ದರೆ ಒಂದು ಒಳಮೂಲೆಯಿಂದ ಹೊರಟು ಇಡೀ ಹೊರಗೆರೆ ಸುತ್ತಿ ಬಂದು, ಅಲ್ಲಿಂದಲೇ ಒಳಗಿನ ಷಟ್ಕೋನ ಎಳೆದು ಮುಗಿಸಬಹುದು. ಆದರೆ ಹೀಗೆ ತುಂಡು ತುಂಡಾಗಿ ಎಳೆದ ಗೆರೆ ನೇರವಾಗಿ ಕೂಡುವುದು ಕಷ್ಟ.

ಏಳು ಮೂಲೆಯದು ಎರಡು ಬಗೆಯಲ್ಲಿ ಬರುತ್ತದೆ. ಒಂದು ಚುಕ್ಕಿ ಬಿಟ್ಟು ಹೋದರೆ (1, 3, 5, 7, 2, 4, 6) ತುದಿಗಳು 77 ಡಿಗ್ರಿಯಷ್ಟು ಅಗಲವಾಗಿ, ಹಲ್ಲಿನ ಚಕ್ರದಂತೆ ಮೊಂಡಾಗಿ ಕಾಣುತ್ತವೆ. ಎರಡು ಬಿಟ್ಟು ಹೋಗಿ (1, 4, 7, 3, 6, 2, 5): ತುದಿ 26 ಡಿಗ್ರಿಗೆ ಇಳಿದು ಚೂಪಾಗುತ್ತದೆ. ನಮಗಂತೂ ಎರಡನೆಯದೇ ಚೆಂದ. ವೃತ್ತವನ್ನು ಏಳು ಮಾಡಲು ಕೈವಾರವನ್ನು ತ್ರಿಜ್ಯದ 0.868ರಷ್ಟಕ್ಕೆ ತೆರೆಯಿರಿ, 5 ಸೆಂ.ಮೀ.ಗೆ ಇದು 4.3 ಸೆಂ.ಮೀ.ಗಿಂತ ಕೂದಲೆಳೆಯಷ್ಟು ಹೆಚ್ಚು. ಎಂಟಕ್ಕೆ ಪರಸ್ಪರ ಲಂಬವಾದ ಎರಡು ವ್ಯಾಸ ಎಳೆದು ನಡುವಿನ ಕೋನಗಳನ್ನು ಅರ್ಧಿಸಿದರೆ ಸಾಕು. ಅಲ್ಲೂ ಎರಡು ಬಿಟ್ಟು ಹೋಗಬೇಕು (1, 4, 7, 2, 5, 8, 3, 6). ಒಂದೇ ಬಿಟ್ಟರೆ ನಾಲ್ಕು ಗೆರೆಗೆ ಚದರ ಮುಚ್ಚಿಕೊಳ್ಳುತ್ತದೆ.

ಪ್ರಶ್ನೆ: ಒಳಗೆರೆ ಅಳಿಸಿದಾಗ ಕಾಗದ ಕೊಳಕಾಗುತ್ತದೆ. ಹೊರಗೆರೆ ಮಾತ್ರ ಬರೆಯುವ ದಾರಿ?

ಉತ್ತರ: ಅದೇ ಕೇಂದ್ರದಿಂದ ಒಳಗೊಂದು ಸಣ್ಣ ವೃತ್ತ ಬರೆಯಿರಿ. ಹೊರವೃತ್ತ 5 ಸೆಂ.ಮೀ. ಇದ್ದರೆ ಇದು 1.9 ಸೆಂ.ಮೀ. ಒಳಮೂಲೆಗಳು ಇದರ ಮೇಲೆ, ಎರಡು ಹೊರ ಚುಕ್ಕಿಗಳ ನಟ್ಟನಡುವಿನ ದಿಕ್ಕಿನಲ್ಲಿ ಬರುತ್ತವೆ. ಹೊರಗೊಂದು, ಒಳಗೊಂದು ಎಂದು ಸೇರಿಸುತ್ತ ಹೋದರೆ ಹತ್ತು ಗೆರೆಗೆ ನಕ್ಷತ್ರ ಸಿದ್ಧ. ಒಳವೃತ್ತ 2.5 ಸೆಂ.ಮೀ. ಮಾಡಿದರೆ ನಕ್ಷತ್ರ ದುಂಡುದುಂಡಗಾಗುತ್ತದೆ, 1.2ಕ್ಕೆ ಇಳಿಸಿದರೆ ಮುಳ್ಳಾಗುತ್ತದೆ. ಸಹಾಯಕ ಗೆರೆಗಳಿಗೆ 2ಎಚ್ ಪೆನ್ಸಿಲ್ ಹಿಡಿಯಿರಿ, ಆದರೆ ಒತ್ತಬೇಡಿ. ಒತ್ತಿದರೆ ಗೆರೆ ಅಳಿದರೂ ಕಾಗದದ ಮೇಲೆ ತಗ್ಗು ಉಳಿಯುತ್ತದೆ.

ಪ್ರಶ್ನೆ: ನಕ್ಷತ್ರ ಉಬ್ಬಿದಂತೆ ಕಾಣಲು?

ಉತ್ತರ: ಕೇಂದ್ರದಿಂದ ಹತ್ತೂ ಮೂಲೆಗಳಿಗೆ ಗೆರೆ ಎಳೆದು, ಒಂದು ಬಿಟ್ಟು ಒಂದು ತ್ರಿಕೋನಕ್ಕೆ ನೆರಳು ತುಂಬಿ.

ಪ್ರಶ್ನೆ: ಸ್ಕೆಚ್ ಪೆನ್ನಿನಲ್ಲಿ ತಿದ್ದಿದರೆ ತುದಿಗಳು ಮೊಂಡಾಗುತ್ತವೆ. ಏಕೆ?

ಉತ್ತರ: ಪೆನ್ನು ಊರಿದ ಜಾಗದಲ್ಲಿ ಶಾಯಿ ಕಾಗದಕ್ಕೆ ಹೀರಿಕೊಂಡು ಹರಡುತ್ತದೆ. ಗೆರೆಯನ್ನು ತುದಿಯಿಂದ ಶುರು ಮಾಡಿದರೆ ಚುಕ್ಕೆ ಅಲ್ಲೇ ದಪ್ಪಗಾಗುತ್ತದೆ. ಒಳಮೂಲೆಯಲ್ಲಿ ಊರಿ ತುದಿಯ ಕಡೆಗೆ ಎಳೆಯಿರಿ, ತುದಿ ಮುಟ್ಟುತ್ತಿದ್ದಂತೆ ನಿಲ್ಲದೆ ಎತ್ತಿಬಿಡಿ. ಇನ್ನೊಂದು ಬದಿಯ ಗೆರೆಯನ್ನೂ ಹೀಗೇ ಎಳೆಯಬೇಕು, ಆದರೆ ಮೊದಲನೆಯದು ಒಣಗಿದ ಮೇಲೆ. ಹಸಿ ಗೆರೆಗೆ ಹಸಿ ಗೆರೆ ತಾಗಿದರೆ 36 ಡಿಗ್ರಿಯ ಇಕ್ಕಟ್ಟಿನಲ್ಲಿ ಶಾಯಿ ತುಂಬಿಕೊಳ್ಳುತ್ತದೆ.