ಬುಲೆಟ್ 350ಕ್ಕೆ 28 ಎಂಎಂ ಕಾರ್ಬುರೇಟರ್ ಬೇಕಾ?

ಪ್ರಶ್ನೆ: ನನ್ನದು ಹಳೆಯ ಬುಲೆಟ್ 350. ಊರೊಳಗೆ ಚೆನ್ನಾಗೇ ಓಡುತ್ತದೆ. ಹೈವೇಯಲ್ಲಿ ಐದಾರು ಕಿಲೋಮೀಟರ್ ಜೋರಾಗಿ ಓಡಿಸಿದರೆ ಎಳೆತ ಹೋಗಿ ನಿಂತೇಬಿಡುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಕಿಕ್ ಹೊಡೆದರೆ ಮತ್ತೆ ಸ್ಟಾರ್ಟ್. '24 ಎಂಎಂ ಕಾರ್ಬುರೇಟರ್ ಸಾಲ್ತಿಲ್ಲ, ಬುಲೆಟ್ 500ರ 28 ಎಂಎಂ ಹಾಕಿ, ಪಿಕಪ್ಪೂ ಜಾಸ್ತಿ ಆಗುತ್ತೆ' ಅಂತಾರೆ ಮೆಕ್ಯಾನಿಕ್. ಹಾಕಿಸಲಾ?

ಉತ್ತರ: ಬೇಡ. ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರ್ ಸಣ್ಣದಾದರೆ ಗಾಡಿ ಒಂದು ಸ್ಪೀಡಿನ ಮೇಲೆ ಏರುವುದಿಲ್ಲ, ಅಷ್ಟೆ. ನಿಂತುಹೋಗುವುದಿಲ್ಲ. ಓಡಿ ಓಡಿ ನಿಂತು, ಸುಮ್ನೆ ಬಿಟ್ಟರೆ ಸರಿಹೋಗುತ್ತದೆ ಅಂದರೆ ಹೆಚ್ಚಾಗಿ ಫ್ಲೋಟ್ ಬೌಲ್ (ಕಾರ್ಬುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಪುಟ್ಟ ಬಟ್ಟಲು) ಖಾಲಿಯಾಗುತ್ತಿರುತ್ತದೆ. ಎಂಜಿನ್ ಕುಡಿಯುವಷ್ಟು ಪೆಟ್ರೋಲ್ ಕೆಳಗೆ ಇಳಿಯುತ್ತಿಲ್ಲ.

ಮುಂದಿನ ಸಲ ನಿಂತಾಗ ಟ್ಯಾಂಕಿನ ಮುಚ್ಚಳ ತೆಗೆಯಿರಿ. 'ಸುಯ್' ಅಂತ ಗಾಳಿ ಎಳೆದುಕೊಂಡರೆ ಕಳ್ಳ ಸಿಕ್ಕಿದ ಹಾಗೆ: ಮುಚ್ಚಳದ ಗಾಳಿ ತೂತು ಕಟ್ಟಿದೆ. ಸೂಜಿ ಹಾಕಿ ಬಿಡಿಸಿದರೆ ಸಾಕು. ಅದಲ್ಲದಿದ್ದರೆ, ಎಂಜಿನ್ ತಣ್ಣಗಾದ ಮೇಲೆ ಪೆಟ್ರೋಲ್ ಪೈಪನ್ನು ಕಾರ್ಬುರೇಟರ್ ಕಡೆಯಿಂದ ಬಿಚ್ಚಿ ಒಂದು ಬಾಟಲಿಗೆ ಬಿಡಿ. (ಹತ್ತಿರ ಬೀಡಿ ಸೇದುವವರು ಇರಬಾರದು.) ಫುಲ್ ಥ್ರಾಟಲ್‌ನಲ್ಲಿ ಈ ಎಂಜಿನ್ನಿಗೆ ನಿಮಿಷಕ್ಕೆ ಸುಮಾರು 100 ಮಿಲಿ ಬೇಕು ಅನ್ನುವುದು ನನ್ನ ಲೆಕ್ಕ. ಹಾಗಾಗಿ ಬಾಟಲಿಗೆ ನಿಮಿಷಕ್ಕೆ 200 ಮಿಲಿಯಾದರೂ ಬೀಳಬೇಕು. ಕಡಿಮೆ ಬಿದ್ದರೆ ಟ್ಯಾಪಿನ ಜಾಲರಿಯಲ್ಲಿ ತುಕ್ಕು ಕೂತಿದೆಯಾ ನೋಡಿ. ಧಾರಾಳ ಬೀಳುತ್ತಿದ್ದರೆ ಆ ಬಟ್ಟಲಿಗೆ ಪೆಟ್ರೋಲ್ ಬಿಡುವ, ತಡೆಯುವ ಫ್ಲೋಟಿನ ನೀಡಲ್ ವಾಲ್ವ್, ಫ್ಲೋಟ್ ಎತ್ತರ ನೋಡಿಸಿ. ಅದೂ ಸರಿಯಿದ್ದರೆ ಬಿಸಿಗೆ ಕೈಕೊಡುವ ಇಗ್ನಿಷನ್ ಕಾಯಿಲ್ (ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಭಾಗ) ಮೇಲೆ ಅನುಮಾನ ಪಡಿ.

ಇನ್ನು 28 ಎಂಎಂ ಮಾತು. 24ರಿಂದ 28ಕ್ಕೆ ಹೋದರೆ ನಾಲ್ಕೇ ಎಂಎಂ ವ್ಯತ್ಯಾಸ ಅನ್ನಿಸುತ್ತದೆ, ಅಲ್ವಾ? ಅದು ಕಾರ್ಬುರೇಟರಿನಲ್ಲಿ ಗಾಳಿ ಹೋಗುವ ಬಾಯಿಯ ಅಡ್ಡಳತೆ. ಆದರೆ ಬಾಯಿಯ ವಿಸ್ತೀರ್ಣ 36% ಹಿಗ್ಗುತ್ತದೆ. ನಿಮ್ಮ 346 ಸಿಸಿ ಎಂಜಿನ್ ಎಳೆಯುವ ಗಾಳಿ ಅಷ್ಟೇ ಇದ್ದರೆ ಅದರ ವೇಗ ಕಾಲುಭಾಗ ಕುಗ್ಗುತ್ತದೆ. ಜೆಟ್‌ನಿಂದ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಬಿಡಿಭಾಗ) ಪೆಟ್ರೋಲನ್ನು ಮೇಲೆತ್ತುವುದು ಆ ವೇಗವೇ. ಪೆಟ್ರೋಲ್ ಎಳೆಯುವ ಬಲ ವೇಗದ ವರ್ಗದಂತೆ ಕುಗ್ಗುವುದರಿಂದ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಥ್ರಾಟಲ್ ತಟ್ಟನೆ ತಿರುಗಿಸಿದರೆ ಗಾಳಿ ಮೊದಲು ನುಗ್ಗಿ, ಪೆಟ್ರೋಲ್ ಹಿಂದೆ ಬೀಳುತ್ತದೆ. ಸಿಗ್ನಲ್ ಬಿಟ್ಟ ತಕ್ಷಣ ಮುಗ್ಗರಿಸುವ ಆ ಗಾಡಿಗೆ ಪಿಕಪ್ ಜಾಸ್ತಿ ಆಯ್ತು ಅನ್ನಲು ನನಗಂತೂ ಧೈರ್ಯ ಸಾಲದು.

ಸೈಲೆನ್ಸರ್, ಫಿಲ್ಟರ್ ಬದಲಾಯಿಸಿದ್ದರೆ ಇರುವ ಕಾರ್ಬುರೇಟರಿನಲ್ಲೇ ಮೇನ್ ಜೆಟ್ ಒಂದು ಸೈಜ್ ಏರಿಸಿ ನೋಡಬಹುದು. ಅದರ ಕೆಲಸ ಶುರುವಾಗುವುದು ಥ್ರಾಟಲ್ ಮುಕ್ಕಾಲು ದಾಟಿದ ಮೇಲೆ. ಥ್ರಾಟಲ್ ಮಧ್ಯದಲ್ಲಿದ್ದಾಗ ಪೆಟ್ರೋಲ್ ಎಷ್ಟು ಅಂತ ನಿರ್ಧರಿಸುವುದು ಕಾರ್ಬುರೇಟರಿನೊಳಗಿನ ಸೂಜಿಯ ಕ್ಲಿಪ್, ಐಡಲ್‌ನಲ್ಲಿ ಪೈಲಟ್ ಜೆಟ್. ಜೆಟ್ ಬದಲಾಯಿಸಿದ ಮೇಲೆ ಖಾಲಿ ರಸ್ತೆಯಲ್ಲಿ ಫುಲ್ ಥ್ರಾಟಲ್‌ನಲ್ಲಿ ಓಡಿಸಿ, ಕ್ಲಚ್ ಹಿಡಿದು ಎಂಜಿನ್ ಅಲ್ಲೇ ಆಫ್ ಮಾಡಿ ಪ್ಲಗ್ ಬಿಚ್ಚಿ. ಬಿಳಿ ಕಂಡರೆ ಪೆಟ್ರೋಲ್ ಕಡಿಮೆ. ಮಸಿ ಹಿಡಿದಿದ್ದರೆ ಜಾಸ್ತಿ, ಹಳೇ ಜೆಟ್ಟೇ ವಾಪಸ್ ಹಾಕಿ.