ಸ್ಪೀಚ್ ಥೆರಪಿಗೆ ಇನ್ಶೂರೆನ್ಸ್ ದುಡ್ಡು ನಿಂತಿದ್ದರೆ

ಅಮೆರಿಕದಲ್ಲಿ ನಾಲ್ಕು ವರ್ಷದ ಮಗನ ಸ್ಪೀಚ್ ಥೆರಪಿ ಬಿಲ್ ಜೂನ್‌ವರೆಗೆ ಪಾಸಾಗಿ ಆಮೇಲೆ ನಿಂತಿದೆ, ಏನು ಮಾಡೋದು ಅಂತ ಕೇಳಿದ್ದೀರಿ. ಬಹುಶಃ ಪ್ಲಾನಿನಲ್ಲಿ ವರ್ಷಕ್ಕೆ ಇಷ್ಟೇ ವಿಸಿಟ್ ಅನ್ನೋ ಮಿತಿ ಮುಗಿದಿದೆ. ಇದು ನನ್ನ ಊಹೆ. ಇನ್ಶೂರೆನ್ಸ್‌ನವರು ಕಳಿಸಿದ ಇಒಬಿ (ಬಿಲ್‌ನಲ್ಲಿ ಎಷ್ಟು ಕೊಟ್ಟರು, ಎಷ್ಟು ಕೊಡಲಿಲ್ಲ ಅನ್ನೋ ವಿವರ) ಕಾಗದದಲ್ಲಿ ಸಣ್ಣ ಅಕ್ಷರದಲ್ಲಿ ಕಾರಣ ಇರುತ್ತದೆ, ಮೊದಲು ಅದನ್ನು ಓದಿ. ‘ವೈದ್ಯಕೀಯವಾಗಿ ಅಗತ್ಯವಿಲ್ಲ’ ಅಂತಿದ್ದರೆ ಅಪೀಲ್ ಹಾಕಿ. ನೋಟಿಸ್ ಬಂದ ಮೇಲೆ 180 ದಿನ ಟೈಮ್ ಇದೆ.

ಮಿತಿಯೇ ಮುಗಿದಿದ್ದರೆ ಅಪೀಲ್ ಮೇಲೆ ಜಾಸ್ತಿ ಆಸೆ ಬೇಡ. ಮಕ್ಕಳ ಚಿಕಿತ್ಸೆಗೆ ದುಡ್ಡಿನ ನೆರವು ಕೊಡುವ ಯುನೈಟೆಡ್‌ಹೆಲ್ತ್‌ಕೇರ್ ಚಿಲ್ಡ್ರನ್ಸ್ ಫೌಂಡೇಶನ್‌ನ ಗ್ರಾಂಟ್‌ಗೆ ಅರ್ಜಿ ಹಾಕಿ. ಯುನೈಟೆಡ್‌ಹೆಲ್ತ್‌ಕೇರ್ ಅನ್ನೋದು ಇನ್ಶೂರೆನ್ಸ್ ಕಂಪನಿ. ನಮ್ಮದು ಬೇರೆ ಕಂಪನಿಯ ಪಾಲಿಸಿ, ಹಾಗಾಗಿ ಹೆಸರು ನೋಡಿಯೇ ನಾವು ಸುಮ್ನೆ ಬಿಟ್ಟಿದ್ದೆವು. ಅವರದೇ ಇನ್ಶೂರೆನ್ಸ್ ಇರಬೇಕು ಅಂತೇನೂ ಇಲ್ಲ. ಆಫೀಸಿನದೋ ನೀವೇ ಕೊಂಡಿದ್ದೋ, ಖಾಸಗಿ ಪ್ಲಾನ್ ಇದ್ದರೆ ಸಾಕು. ಮಗುವಿಗೆ 16 ವರ್ಷದವರೆಗೆ ಕೇಳಬಹುದು. ವರ್ಷಕ್ಕೆ 5,000 ಡಾಲರ್‌ವರೆಗೆ, ಒಂದು ಮಗುವಿಗೆ ಒಟ್ಟು 10,000. ಆದಾಯದ ಮಿತಿಯೂ ಇದೆ, ಮನೆಮಂದಿ ಜಾಸ್ತಿ ಇದ್ದಷ್ಟೂ ಅದು ಏರುತ್ತದೆ. ನಿಮ್ಮ ಸಂಬಳ ನೀವು ಬರೆದಿಲ್ಲ, ಅವರ ಪಟ್ಟಿಯಲ್ಲಿ ಮೊದಲು ನೋಡಿಕೊಳ್ಳಿ.

ಟ್ಯಾಕ್ಸ್ ರಿಟರ್ನ್, ಇಒಬಿ, ಡಾಕ್ಟರ ಪತ್ರ ಒಟ್ಟಿಗೆ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ನಮ್ಮ ಮಗಳ ಮೊದಲ ಪತ್ರದಲ್ಲಿ ‘ಥೆರಪಿಯಿಂದ ಅನುಕೂಲ’ ಅಂತ ಒಂದೇ ಸಾಲಿತ್ತು. ವಾರಕ್ಕೆ ಎಷ್ಟು ಸೆಷನ್, ಯಾಕೆ, ಎಷ್ಟು ತಿಂಗಳು ಅಂತ ಮತ್ತೆ ಬರೆಸಿದೆವು. ನೀವು ಮೊದಲೇ ಹಾಗೆ ಕೇಳಿ.

ಅರ್ಜಿಗೆ ಉತ್ತರ ಬರೋವರೆಗೆ ಕಾಯಬೇಡಿ. ಮೂರು ವರ್ಷ ತುಂಬಿದ ಮಗುವಿಗೆ ಸ್ಕೂಲ್ ಡಿಸ್ಟ್ರಿಕ್ಟ್‌ನವರು (ನಿಮ್ಮ ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವವರು) ಪುಕ್ಕಟೆ ಪರೀಕ್ಷೆ ಮಾಡಿ, ಅರ್ಹತೆ ಇದ್ದರೆ ಥೆರಪಿಯನ್ನೂ ಕೊಡಬೇಕು. ಫೋನಲ್ಲಿ ಕೇಳಬೇಡಿ, ಇಮೇಲ್‌ನಲ್ಲಿ ಬರೆದು ಕೇಳಿ.